ಹೆಳವರ ಪುಸ್ತಕ, ನಾಡಕಚೇರಿಯ ವಂಶವೃಕ್ಷ

ಸುಗ್ಗಿ ಮುಗಿದು ರಾಗಿ ಹಗೇವು ಸೇರಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಊರು ಹೊಸದುರ್ಗ ತಾಲ್ಲೂಕಿನದು. ಎತ್ತಿನ ಕೊರಳಗಂಟೆ ಓಣಿಯ ತುದಿಯಲ್ಲಿ ಕೇಳಿಸಿದೊಡನೆ ಅಜ್ಜ ಜಗಲಿಯ ಮೇಲೆ ಕಂಬಳಿ ಹಾಸುತ್ತಿದ್ದ. ಹೆಳವಪ್ಪ ಎತ್ತಿನಿಂದ ಇಳಿದು, ಕಾಲು ತೊಳೆದು, ನೀರು ಕುಡಿದು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚುತ್ತಿದ್ದ. ಬಿಚ್ಚಿದರೂ ಅದರತ್ತ ನೋಡುತ್ತಿದ್ದುದು ಕಡಿಮೆ. ಕಣ್ಣು ಮುಚ್ಚಿ ರಾಗವಾಗಿ ಶುರು ಮಾಡಿದರೆ ಮೂಲ ಊರು ಯಾವುದು, ಅಲ್ಲಿಂದ ಯಾಕೆ ಹೊರಟರು, ಯಾವ ಹಳ್ಳದ ದಂಡೆಯಲ್ಲಿ ಮೊದಲ ಗುಡಿಸಲು ಹಾಕಿದರು, ಮನೆದೇವರು ಯಾವುದು, ಬೆಡಗು ಯಾವುದು, ಯಾರಿಗೆ ಯಾರು ಹುಟ್ಟಿದರು ಎಂದು ಹೇಳುತ್ತ ಹೇಳುತ್ತ ನನ್ನ ಹೆಸರಿಗೆ ಬಂದು ನಿಲ್ಲಿಸುತ್ತಿದ್ದ. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ. ಅಜ್ಜ ರಾಗಿ ಅಳೆದು ಕೊಡುತ್ತಿದ್ದ, ಒಂದು ಪಂಚೆ ಕೊಡುತ್ತಿದ್ದ. ಮನೆಯಲ್ಲಿ ಮದುವೆಯಾದ ವರ್ಷವಾದರೆ ಒಂದು ಕರು. ನಮ್ಮ ಮನೆತನ ಆ ಹೆಳವನ ಮನೆತನಕ್ಕೆ ಸೇರಿದ್ದು, ಬೇರೊಬ್ಬ ಹೆಳವ ನಮ್ಮ ಜಗಲಿ ಹತ್ತುವಂತಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ತಂಗಿಯ ಮಗನ ಫೋನಿನಿಂದ. ಅವನು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಮಾವ, ಪಕ್ಕದ ಮನೆಯ ಮುದುಕರು ತಮ್ಮ ಹತ್ತು ತಲೆಮಾರಿನ ಹೆಸರು ಹುಡುಕಿ ಇಟ್ಟಿದಾರೆ. ನಮ್ಮ ಕಡೆ ಎಷ್ಟು ಸಿಗುತ್ತೆ?" ಅಂದ. ಅವರ ಪೂರ್ವಿಕರೇನು ದೊರೆಗಳಲ್ಲ, ಇನ್ನೊಬ್ಬರ ಹೊಲದಲ್ಲಿ ದುಡಿದವರು. ಆದರೂ ಹುಟ್ಟಿದ ದಿನ, ಮದುವೆಯಾದ ದಿನ, ಮಣ್ಣಾದ ದಿನ ಮೂರೂ ಸಿಕ್ಕಿವೆ.

ಸಿಗಲು ಕಾರಣವಿದೆ. 1645-46ರಲ್ಲೇ ಅಲ್ಲಿನ ದೊರೆ ಪ್ರತಿ ಊರಿನ ಪಾದ್ರಿಯೂ ಹುಟ್ಟು, ಮದುವೆ, ಸಾವು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ. 1787ರ ಜನಗಣತಿಯಲ್ಲಿ ಮನೆಮನೆಯ ಎಲ್ಲರ ಹೆಸರು, ವಯಸ್ಸು, ಕಸುಬು ಬರೆದರು. 1814ರಿಂದ ಚರ್ಚಿನ ಪುಸ್ತಕಕ್ಕೆ ಎರಡು ಪ್ರತಿ ಮಾಡಿಸಿದರು. ಆ ಎರಡೂ ಪ್ರತಿ ಒಂದೇ ಸೂರಿನಡಿ ರಾತ್ರಿ ಕಳೆಯಕೂಡದು ಎಂಬ ನಿಯಮ ಹಾಕಿದರು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಿ ಉಳಿಯಲಿ ಎಂದು. ಇವತ್ತು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಈ ಪುಟಗಳನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಹೆಸರಿನ ತೊಡಕು ಅವರಿಗೂ ಇತ್ತು. ಯೆನ್ಸ್‌ನ ಮಗ ಯೆನ್ಸೆನ್, ಆ ಮಗನ ಹೆಸರು ಹಾನ್ಸ್ ಆದರೆ ಅವನ ಮಗ ಹಾನ್ಸೆನ್. ತಲೆಮಾರಿಗೊಂದು ಸಲ ಮನೆಯ ಹೆಸರೇ ಬದಲು. ಅದನ್ನು ನಿಲ್ಲಿಸಲು 1828ರಲ್ಲಿ ಆದೇಶವನ್ನೇ ತರಬೇಕಾಯಿತು. ನಮ್ಮಲ್ಲಿ ಇದರ ತಿರುವುಮುರುವು: ರಂಗಪ್ಪನ ಮಗ ತಿಮ್ಮಪ್ಪ, ತಿಮ್ಮಪ್ಪನ ಮಗ ಮತ್ತೆ ರಂಗಪ್ಪ. ಅಜ್ಜನ ಹೆಸರು ಮೊಮ್ಮಗನಿಗೆ. ಕಾಗದದಲ್ಲಿ ಐವರು ರಂಗಪ್ಪಂದಿರು ಸಿಕ್ಕಿದರೆ ಯಾರು ಯಾವ ಕಾಲದವರೆಂದು ಬಿಡಿಸುವುದೇ ಅರ್ಧ ಕೆಲಸ.

ಅಳಿಯನಿಗೆ ಉತ್ತರ ಕೊಡಬೇಕೆಂದು ನಾನು ಹುಡುಕಲು ಹೊರಟೆ. ಒಂದು ಮಾತು ಬೇಗ ತಿಳಿಯಿತು. ಅವರ ಕಾಗದ ಮನುಷ್ಯನನ್ನು ಹಿಡಿದು ಬರೆದದ್ದು, ನಮ್ಮ ಕಾಗದ ಹೊಲವನ್ನು ಹಿಡಿದು ಬರೆದದ್ದು. ಪಹಣಿಯ 9ನೇ ಕಾಲಂನಲ್ಲಿ ಹೆಸರಿದ್ದವನು ಮಾತ್ರ ಇದ್ದವನು. ಅವನು ತೀರಿಕೊಂಡದ್ದೂ ಗೊತ್ತಾಗುವುದು ಪೌತಿ ಖಾತೆಯಾದಾಗ, ಅದೂ ಎಷ್ಟೋ ವರ್ಷ ತಡವಾಗಿ. ಭೂಮಿ ಇಲ್ಲದವನು ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಗುರುತಿಲ್ಲ.

ಹಳೆಯ ಶಾನುಭೋಗರ ಮನೆಯೊಂದರಲ್ಲಿ ಒಂದು ಕಡತ ನೋಡಲು ಕೊಟ್ಟರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ ಅದು. ಬರೆದದ್ದು ಬಳಪದಲ್ಲಿ, ಮೋಡಿ ಅಕ್ಷರದಲ್ಲಿ. ಬೆರಳು ತಾಗಿದರೆ ಅಳಿಸುತ್ತದೆ, ಹಾಗಾಗಿ ಮಡಿಕೆಯ ಅಂಚು ಮಾತ್ರ ಹಿಡಿದು ಬಿಚ್ಚಬೇಕು. ಮೋಡಿ ಓದಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಿದರು. ಇದ್ದದ್ದು ಬಿತ್ತನೆಗೆ ಕೊಟ್ಟ ಕಾಳಿನ ಲೆಕ್ಕ: ಇಂಥವನಿಗೆ ಸಾವೆ ಇಷ್ಟು ಕೊಳಗ, ಹುರುಳಿ ಇಷ್ಟು ಬಳ್ಳ. ನನ್ನ ಮುತ್ತಜ್ಜನದೇ ಇರಬೇಕೆನ್ನಿಸುವ ಹೆಸರು ಮೂರು ಕಡೆ ಇತ್ತು. ಮೂರು ಕಡೆಯೂ ಸಾಲಗಾರನಾಗಿ. ಆತನ ಬದುಕಿನ ಬಗ್ಗೆ ನನಗೆ ಸಿಕ್ಕ ಬರಹ ಅಷ್ಟೇ. ಆದರೂ ಅದರಿಂದ ಒಂದು ವಿಷಯ ತಿಳಿಯಿತು: ಆ ವರ್ಷಗಳಲ್ಲಿ ಮನೆಯ ಹಗೇವು ಬರಿದಾಗಿತ್ತು.

ಹಗೇವು ಅಂದರೆ ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಕಾಳಿನ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ರಾಗಿ ತುಂಬಿ ಬಾಯಿಗೆ ಹುಲ್ಲು ಒತ್ತಿ, ಚಪ್ಪಡಿ ಇಟ್ಟು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ತೆಗೆಯುವ ದಿನ ಚಪ್ಪಡಿ ಸರಿಸಿ ಯಾರೂ ಕೂಡಲೇ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು, ಉರಿದರೆ ಇಳಿಯಬಹುದು. ಅವಸರ ಮಾಡಿ ಇಳಿದು ಸತ್ತವರ ಕಥೆ ನಮ್ಮ ಕಡೆಯ ಊರೂರಿಗೂ ಇದೆ. ನಮ್ಮ ಮನೆಯ ಹಗೇವು ಮುಚ್ಚಿಸಿ ಎಷ್ಟೋ ಕಾಲವಾಯಿತು. ಈಗ ಅದರ ಮೇಲೆ ತಮ್ಮ ಬೈಕು ನಿಲ್ಲಿಸುತ್ತಾನೆ.

ಕಡತದಿಂದ ಹಿಂದಕ್ಕೆ ಹೋಗಲು ಹೆಳವರೇ ಬೇಕಾಯಿತು. ಹುಡುಕಿದೆ. ನಮ್ಮ ಹೆಳವಪ್ಪನ ಮೊಮ್ಮಗ ಸಿಕ್ಕಿದ. ಎತ್ತಿಲ್ಲ, ಬೈಕಿದೆ. ಪುಸ್ತಕವನ್ನು ಹೊಸದಾಗಿ ಬರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾನೆ. ಓದಲು ಕೂತ. ಏಳು ತಲೆಮಾರು ಬಂತು. ಮುತ್ತಜ್ಜನ ಅಪ್ಪನಿಗೆ ಮೂವರು ತಮ್ಮಂದಿರು. ಒಬ್ಬನ ಮಕ್ಕಳು ಹೊಳಲ್ಕೆರೆ ಕಡೆ ಹೋದರು. ಉಳಿದಿಬ್ಬರ ಹೆಸರಿನ ಮುಂದೆ "ವಂಶ ನಿಂತಿತು" ಎಂದಷ್ಟೇ ಇದೆ. ಹೆಳವರು ಇಸವಿ ಬರೆಯುವವರಲ್ಲ. ಆದರೆ ತಲೆಮಾರು ಲೆಕ್ಕ ಹಾಕಿದರೆ ಅದು ಧಾತು, ಈಶ್ವರ ಸಂವತ್ಸರಗಳ ಬರಕ್ಕೆ, ಅಂದರೆ 1876-78ಕ್ಕೆ ಬಂದು ನಿಲ್ಲುತ್ತದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಈ ಅಂಕಿಗಳನ್ನು ಶಾಲೆಯಲ್ಲಿ ಓದಿದ್ದೆ. ನಮ್ಮ ಮನೆಯ ಇಬ್ಬರು ಅದರೊಳಗೆ ಇರಬಹುದೆಂದು ಆಗ ಹೊಳೆದಿರಲಿಲ್ಲ.

ಭೂಮಿ ಇಲ್ಲದವರಿಗೆ ಕಾಗದವೇ ಇಲ್ಲ ಎಂದೆನಲ್ಲ, ಅದಕ್ಕೊಂದು ದೊಡ್ಡ ಅಪವಾದವಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಯಾವ ಹೊಲ, ಎಷ್ಟು ವರ್ಷದಿಂದ ಉಳುಮೆ, ಅಪ್ಪ ಉಳುತ್ತಿದ್ದನೋ ಅಜ್ಜನೋ, ಗೇಣಿ ಎಷ್ಟು ಪಲ್ಲ, ಸಾಕ್ಷಿ ಯಾರು, ಎಲ್ಲವನ್ನೂ ಹೇಳಿ ಬರೆಸಿದರು. ಎಷ್ಟೋ ಮನೆತನಗಳಿಗೆ ತಮ್ಮ ಅಜ್ಜ ಹೇಗೆ ಬದುಕಿದ ಎಂಬುದಕ್ಕೆ ಇರುವ ಮೊದಲ ಬರಹ ಅದೇ. ನನ್ನ ಕಣ್ಣಿಗೆ ಅವು ಡೆನ್ಮಾರ್ಕಿನ ಚರ್ಚಿನ ಪುಸ್ತಕಕ್ಕಿಂತ ಹೆಚ್ಚು ಬೆಲೆಯ ಕಾಗದಗಳು, ಯಾಕೆಂದರೆ ಅಲ್ಲಿ ಮಾತಾಡಿದವನು ಉಳುವವನೇ. ಒಂದು ಕಚೇರಿಯಲ್ಲಿ ಅಂಥ ಕಟ್ಟೊಂದನ್ನು ಬಿಚ್ಚಿದಾಗ ನಡುವಿನ ಹಾಳೆಗಳನ್ನು ಗೆದ್ದಲು ತಿಂದು ಅಂಚು ಮಾತ್ರ ಉಳಿದಿತ್ತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ತಡವಾಯಿತು, ಆದರೂ ಆಗಲೇಬೇಕಾದ ಕೆಲಸ.

ಇನ್ನು ಅಜ್ಜಿ. ಹೆಳವ ಓದಿದ ಏಳು ತಲೆಮಾರಿನಲ್ಲಿ ಹೆಣ್ಣುಮಕ್ಕಳು ಬರುವುದು ಊರಿನಿಂದ: "ಹಿರಿಯೂರು ಸೀಮೆಯ ಹೆಣ್ಣು ತಂದ." ನನ್ನ ಅಜ್ಜಿಯೂ ಅಷ್ಟೇ. ಪಹಣಿಯಲ್ಲಿ ಅವಳಿಲ್ಲ, ಕಡತದಲ್ಲಿ ಇಲ್ಲ, ಶಾಲೆಗೆ ಹೋದವಳಲ್ಲ. ನಮ್ಮಮ್ಮ ಹೇಳುತ್ತಿದ್ದ ಒಂದು ಮಾತು ಉಳಿದಿದೆ: ಅಜ್ಜಿಯ ಅಪ್ಪನ ಊರು ಮಾರಿಕಣಿವೆ ನೀರಿಗೆ ಹೋಯಿತು, ಅಲ್ಲಿಂದ ಎದ್ದು ಬಂದವರು ಅವರು. ವೇದಾವತಿಗೆ ಅಡ್ಡಲಾಗಿ ಆ ಕಟ್ಟೆ ಕಟ್ಟಿದ್ದು 1897ರಿಂದ 1907ರವರೆಗೆ. ಆಮೇಲೆ ವಾಣಿವಿಲಾಸ ಸಾಗರ ಎಂಬ ಹೆಸರಾಯಿತು. 1933ರಲ್ಲಿ ತುಂಬಿದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಹಿರಿಯೂರಿನಿಂದ, ಚಿತ್ರದುರ್ಗದಿಂದ ಜನ ಜಾತ್ರೆಯಂತೆ ಬಂದು ಬಾಗಿನ ಬಿಟ್ಟರು. ನಾನೂ ಹೋಗಿದ್ದೆ. ಹಿನ್ನೀರು ಹೊಸದುರ್ಗದ ಕಡೆಯ ಹೊಲಗಳವರೆಗೆ ಬಂದಿತ್ತು. ಅಜ್ಜಿಯ ಊರು ಆ ನೀರಿನಡಿ ಎಲ್ಲಿದೆ ಎಂದು ತೋರಿಸಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಆ ಊರಿನ ಹೆಸರನ್ನು ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು. ಅಮ್ಮ ಇದ್ದಾಗ ಕೇಳಲಿಲ್ಲ.

ಕಳೆದ ವರ್ಷ ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷದ ಪ್ರಮಾಣಪತ್ರ ಮಾಡಿಸಿದೆ. ಅಪ್ಪ, ಅಮ್ಮ, ಅವರ ಮಕ್ಕಳು, ಅಷ್ಟೇ. ಆಸ್ತಿ ಭಾಗಕ್ಕೆ ಅಷ್ಟು ಸಾಕು. ಊರಿನಲ್ಲಿ ಈಗ ಪೂರ್ವಿಕರ ಹೆಸರು ಕೇಳುವುದೂ ಆ ಒಂದು ಕೆಲಸಕ್ಕೆ ಮಾತ್ರ. ಹೆಳವಪ್ಪನ ಮೊಮ್ಮಗನೂ ಅದನ್ನೇ ಹೇಳಿದ. "ಸಾರ್, ನಮ್ಮನ್ನ ಕರೆಯೋದು ಭಾಗದ ಜಗಳಕ್ಕೆ ಈಗ. ನನ್ನ ಮಗ ಡ್ರೈವರ್ ಆಗಿದಾನೆ, ಪುಸ್ತಕ ಮುಟ್ಟಲ್ಲ." ಅವನ ಅನುಮತಿ ಪಡೆದು ನಮ್ಮ ಮನೆತನದ ಪುಟಗಳ ಫೋಟೊ ತೆಗೆದುಕೊಂಡೆ. ಅವನು ಕೇಳದಿದ್ದರೂ, ಅಜ್ಜ ಕೊಡುತ್ತಿದ್ದ ರಾಗಿ, ಪಂಚೆ, ಕರುವಿನ ಲೆಕ್ಕಕ್ಕೆ ಹಣ ಕೊಟ್ಟೆ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಈ ವಾರವೇ ಕೂತು ಕೇಳಿ. ಅವರ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಹುಟ್ಟಿದೂರು, ಮನೆದೇವರು, ಹಗೇವಿನಲ್ಲಿ ಏನಿತ್ತು, ಬರದಲ್ಲಿ ಏನು ತಿಂದರು ಎಂದು. ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಿರಿ. ಎರಡು ಪ್ರತಿ ಮಾಡಿ, ಒಂದನ್ನು ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕನದೋ ತಂಗಿಯದೋ ಮನೆಯಲ್ಲಿಡಿ.