ಒಡೆಯರಪಾಳ್ಯದ ಉಪ್ಪು ಚಹಾ

ನಮ್ಮ ಮನೆಗಳಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ಚಹಾಪುಡಿ. ಮೂರರಲ್ಲಿ ಒಂದು ಕಡಿಮೆಯಾದರೂ "ಇದೆಂಥ ಚಹಾ?" ಎಂದು ಮುಖ ಸಿಂಡರಿಸುತ್ತೇವೆ. ಆದರೆ ಸಕ್ಕರೆಯ ಬದಲು ಉಪ್ಪು ಹಾಕಿ, ಬೆಣ್ಣೆ ಕಡೆದು ಚಹಾ ಕುಡಿಯುವವರು ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಅರ್ಧ ಶತಮಾನದಿಂದ ಇದ್ದಾರೆ. ಅದರ ರುಚಿ ತಿಳಿಯಬೇಕಾದರೆ ನೀವು ಕೊಳ್ಳೇಗಾಲದ ಬಸ್ಸು ಹತ್ತಬೇಕು.

ಕೊಳ್ಳೇಗಾಲ ರೇಷ್ಮೆಯ ಊರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಇದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮುಂದೆ ಹೋಗುವ ಮೊದಲು ಇಲ್ಲಿ ಒಂದು ಟೀ ಕುಡಿಯಿರಿ. ಅಂಗಡಿಯವರು ಪುಡಿಯನ್ನು ಹಾಲಿನಲ್ಲಿ ಕುದಿಸಿ, ಮೇಲಿಂದ ಕೆಳಕ್ಕೆ ಎತ್ತಿ ಹೊಯ್ದು, ನೊರೆ ಬರಿಸಿ ಕೊಡುತ್ತಾರೆ. ಈ ಕಾಳಿನಂಥ ಪುಡಿಯನ್ನು ಸಿಟಿಸಿ ಎನ್ನುತ್ತಾರೆ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡುವ ಈ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಬೇಗ ಬಣ್ಣ ಬಿಡುತ್ತದೆ, ಹಾಲಿಗೂ ಸಕ್ಕರೆಗೂ ಜಗ್ಗುವುದಿಲ್ಲ. ನಮ್ಮ ನಾಲಿಗೆ ಇದಕ್ಕೇ ಒಗ್ಗಿದೆ.

ವಾಸ್ತವದಲ್ಲಿ ಜಗತ್ತಿನ ಚಹಾಗಳೆಲ್ಲ ಒಂದೇ ಜಾತಿಯ ಗಿಡದ ಎಲೆಗಳು. ಕಿತ್ತ ಎಲೆಯನ್ನು ಬೇಗನೆ ಬಿಸಿ ಮಾಡಿ ಕಂದು ಬಣ್ಣಕ್ಕೆ ತಿರುಗದಂತೆ ತಡೆದರೆ ಗ್ರೀನ್ ಟೀ. ಗಾಳಿಗೆ ಬಿಟ್ಟು ಪೂರ್ತಿ ಕಪ್ಪಾಗಿಸಿದರೆ ನಮ್ಮ ಮಾಮೂಲಿ ಚಹಾ. ಇವೆರಡರ ನಡುವೆ ಅರ್ಧ ದಾರಿಯಲ್ಲಿ ತಡೆದು ನಿಲ್ಲಿಸಿದ್ದು ಊಲಾಂಗ್. ಚೀನಾದ ಫುಜಿಯಾನ್ ಪ್ರಾಂತ್ಯ ಮತ್ತು ತೈವಾನ್ ಅದಕ್ಕೆ ಪ್ರಸಿದ್ಧ. ಇನ್ನೊಂದು ಬಗೆಯೂ ಇದೆ. ಒರಟು ಎಲೆ, ಕಡ್ಡಿಗಳನ್ನು ಹುದುಗಿಸಿ, ಒತ್ತಿ, ಇಟ್ಟಿಗೆಯಂತೆ ಮಾಡಿದ ಚಹಾ. ಹಿಂದೆ ಚೀನಾದ ಸಿಚುವಾನ್‌ನಿಂದ ಹೇರುಪ್ರಾಣಿಗಳ ಮೇಲೂ ಕೂಲಿಗಳ ಬೆನ್ನ ಮೇಲೂ ಟಿಬೆಟ್‌ಗೆ ಹೋಗುತ್ತಿದ್ದುದು ಇದೇ.

ಈಗ ಹನೂರು ತಾಲೂಕಿಗೆ ಹೋಗೋಣ. ಮೊದಲು ಇದು ಕೊಳ್ಳೇಗಾಲ ತಾಲೂಕಿನ ಭಾಗವೇ ಆಗಿತ್ತು. ಲೊಕ್ಕನಹಳ್ಳಿ ದಾಟಿದ ಮೇಲೆ ಒಡೆಯರಪಾಳ್ಯ ಸಿಗುತ್ತದೆ. ಸುತ್ತ ಬೆಟ್ಟ, ನಡುವೆ ಮುಸುಕಿನ ಜೋಳದ ಹೊಲ, ಹೊಲದಂಚಿನಲ್ಲಿ ಗಾಳಿಗೆ ಪಟಪಟಿಸುವ ಬಣ್ಣದ ಪತಾಕೆಗಳು. ಇದು 1970ರ ದಶಕದಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ಟಿಬೆಟನ್ ನಿರಾಶ್ರಿತರ ಶಿಬಿರ. ಇಲ್ಲಿನ ಹಳ್ಳಿಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿನ ಜೊಗ್ಚೆನ್ ಮಠ ನೋಡಿ, ಫೋಟೋ ತೆಗೆದು, ಮೊಮೊ ತಿಂದು ಹಿಂದಿರುಗುತ್ತಾರೆ. ನೀವು ಸ್ವಲ್ಪ ಕುಳಿತುಕೊಳ್ಳಿ. ಬೆಣ್ಣೆ ಚಹಾ ಸಿಗುತ್ತದೆಯೇ ಎಂದು ಕೇಳಿ.

ಅದನ್ನು ಮಾಡುವ ಕ್ರಮವೇ ಬೇರೆ. ಎಲೆಯನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿ ಗಟ್ಟಿ ಕಷಾಯ ಇಳಿಸುತ್ತಾರೆ. ಅದಕ್ಕೆ ಬಿಸಿನೀರು, ಉಪ್ಪು, ಬೆಣ್ಣೆ, ಕೆಲವರು ಹಾಲನ್ನೂ ಸೇರಿಸಿ, ಡೊಂಗ್ಮೊ ಎಂಬ ಮರದ ಉದ್ದನೆಯ ಕೊಳವೆಯಲ್ಲಿ ಹಾಕಿ ಕಡೆಯುತ್ತಾರೆ. ನಮ್ಮ ಅಜ್ಜಿಯರು ಮಜ್ಜಿಗೆ ಕಡೆದಂತೆ ಎಂದುಕೊಳ್ಳಿ. ಆದರೆ ಇಲ್ಲಿ ಬೆಣ್ಣೆಯನ್ನು ತೆಗೆಯಲು ಅಲ್ಲ, ಬೆರೆಸಲು! ಈಗ ಡೊಂಗ್ಮೊ ಮಾಡುತ್ತಿದ್ದ ಕೆಲಸವನ್ನು ಎಷ್ಟೋ ಮನೆಗಳಲ್ಲಿ ಮಿಕ್ಸಿ ಮಾಡುತ್ತದೆ.

ಇಷ್ಟೆಲ್ಲ ಯಾಕೆ? ಟಿಬೆಟ್‌ನ ಲ್ಹಾಸಾ ನಗರ ಸಮುದ್ರಮಟ್ಟದಿಂದ ಸುಮಾರು 3650 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಗೆ ಮುಟ್ಟುವ ಮೊದಲೇ, 88 ಡಿಗ್ರಿಯ ಆಸುಪಾಸಿನಲ್ಲಿ, ಕುದಿಯುತ್ತದೆ. ಆದ್ದರಿಂದ ಒರಟು ಎಲೆಯ ಸಾರ ಇಳಿಯಲು ಹೊತ್ತು ಬೇಕು. ಕೊರೆಯುವ ಚಳಿಗೆ ಬೆಣ್ಣೆಯ ಜಿಡ್ಡು ಶಕ್ತಿ ಕೊಡುತ್ತದೆ, ಒಣ ಗಾಳಿಗೆ ತುಟಿ ಒಡೆಯದಂತೆ ಕಾಯುತ್ತದೆ. ಹುರಿದ ಬಾರ್ಲಿ ಹಿಟ್ಟನ್ನು ಇದೇ ಚಹಾದಲ್ಲಿ ನಾದಿ ತಿನ್ನುತ್ತಾರೆ. ಅದೇ ತ್ಸಾಂಪಾ, ನಮ್ಮ ರಾಗಿ ಹುರಿಹಿಟ್ಟಿನ ಹಾಗೆ.

ಮೊದಲ ಗುಟುಕಿಗೆ ನಿಮಗೆ ಖಂಡಿತ ಇಷ್ಟವಾಗಲಿಕ್ಕಿಲ್ಲ. ಅದಕ್ಕೊಂದು ಉಪಾಯ ಇದೆ. ಅದನ್ನು ಚಹಾ ಎಂದುಕೊಳ್ಳದೆ ತೆಳ್ಳನೆಯ ಸಾರು ಎಂದುಕೊಂಡು ಕುಡಿಯಿರಿ. ಆಗ ಉಪ್ಪು ಒಗ್ಗುತ್ತದೆ, ಬೆಣ್ಣೆಯ ಹಿಂದಿನಿಂದ ಎಲೆಯ ಒಗರು ಮೆಲ್ಲಗೆ ನಾಲಿಗೆಗೆ ಬರುತ್ತದೆ. ಒಂದೇ ಉಸಿರಿಗೆ ಬಟ್ಟಲು ಬರಿದು ಮಾಡಬೇಡಿ. ಟಿಬೆಟನ್ನರ ರಿವಾಜಿನಂತೆ ಅತಿಥಿಯ ಬಟ್ಟಲು ಬರಿದಾಗಿರಬಾರದು. ನೀವು ಕುಡಿದಷ್ಟೂ ತುಂಬಿಸುತ್ತಾರೆ. ಸಾಕಾದರೆ ತುಂಬಿದ ಬಟ್ಟಲನ್ನು ಹಾಗೆಯೇ ಬಿಟ್ಟು, ಹೊರಡುವಾಗ ಕುಡಿದು ಮುಗಿಸಿದರಾಯಿತು. ರಕ್ತದೊತ್ತಡ ಇರುವವರು ಉಪ್ಪಿನ ಬಗ್ಗೆ ಎಚ್ಚರವಿರಲಿ.

ಉಪ್ಪಿನ ಚಹಾ ಬೌದ್ಧರ ಮನೆಗಷ್ಟೇ ಸೀಮಿತವೂ ಅಲ್ಲ. ಕಾಶ್ಮೀರದ ಮುಸ್ಲಿಮರ ಮನೆಗಳಲ್ಲಿ ಬೆಳಗಿನ 'ನೂನ್ ಚಾಯ್' ಎಂದರೆ ಉಪ್ಪು, ಚಿಟಿಕೆ ಸೋಡ, ಹಾಲು ಬೆರೆತ ಗುಲಾಬಿ ಬಣ್ಣದ ಚಹಾ. 1959ರ ನಂತರ ಲ್ಹಾಸಾದ ಟಿಬೆಟನ್ ಮುಸ್ಲಿಮರಲ್ಲಿ ಅನೇಕರು ಶ್ರೀನಗರಕ್ಕೆ ಬಂದು ನೆಲೆಸಿದರು. ಅವರಿಗೆ ಅಲ್ಲಿಯೂ ಉಪ್ಪಿನ ಚಹಾವೇ ಎದುರಾಯಿತು.

ಒಡೆಯರಪಾಳ್ಯದಲ್ಲಿ ಲ್ಹಾಸಾದ ಚಳಿಯಿಲ್ಲ. ಇಲ್ಲಿನ ಬಿಸಿಲಿಗೆ ಬೆಣ್ಣೆಯ ಅಗತ್ಯವೂ ಇಲ್ಲ. ಆದರೂ ಹಿರಿಯರು ಅದನ್ನು ಬಿಟ್ಟಿಲ್ಲ. ಊರು, ಮನೆ, ದನಕರು ಎಲ್ಲವನ್ನೂ ಬಿಟ್ಟು ಬಂದವರಿಗೆ ತಮ್ಮೊಂದಿಗೆ ತರಲು ಸಾಧ್ಯವಾದದ್ದು ನಾಲಿಗೆಯ ಮೇಲಿನ ರುಚಿ ಮಾತ್ರ. ಇಲ್ಲಿಯೇ ಹುಟ್ಟಿದ ಮಕ್ಕಳು ಸಿಹಿ ಚಹಾ ಕುಡಿಯುತ್ತಾರೆ. ಯುವಕರು ಓದು, ಉದ್ಯೋಗ ಎಂದು ನಗರಗಳಿಗೆ, ವಿದೇಶಗಳಿಗೆ ಹೋಗುತ್ತಿದ್ದಾರೆ. ಅಜ್ಜಿಯ ಕಾಲದ ಡೊಂಗ್ಮೊ ಮೂಲೆ ಸೇರಿದರೆ ಆ ರುಚಿಯನ್ನು ಹೇಳಿಕೊಡುವವರು ಯಾರು? ಐವತ್ತು ವರ್ಷಗಳ ನೆರೆಯವರ ಬಟ್ಟಲನ್ನು ನಾವು ಒಮ್ಮೆಯಾದರೂ ಮುಟ್ಟಿ ನೋಡಬೇಡವೇ?

ಮರಳುವಾಗ ಕೊಳ್ಳೇಗಾಲದಿಂದ ಯಳಂದೂರಿಗೆ ಬಂದು ಬಿಳಿಗಿರಿರಂಗನ ಬೆಟ್ಟ ಹತ್ತಿರಿ. ಅಲ್ಲಿ ಚಹಾ ಅಲ್ಲ, ಕಾಫಿ. ಕಾಡಿನ ಮರಗಳ ನೆರಳಲ್ಲಿ ಸೋಲಿಗರು ತಮ್ಮ ಪೋಡುಗಳ ಸುತ್ತ ಕಾಫಿ ಬೆಳೆಯುತ್ತಾರೆ. ಆ ಕಾಫಿಯೂ ಈ ನೆಲದ್ದಲ್ಲ. ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಬಾಬಾಬುಡನ್ ಎಂಬುದು ಪ್ರತೀತಿ. ಇಂದು ಅದನ್ನು ಪರದೇಶದ್ದೆಂದು ಯಾರೂ ದೂರ ಇಡುವುದಿಲ್ಲ. ಜನರೊಂದಿಗೆ ಬಂದ ರುಚಿ ನಿಧಾನವಾಗಿ ನೆಲದ್ದಾಗುತ್ತದೆ.

ಮನೆಗೆ ಬಂದ ಮೇಲೆ ನೀವೂ ಒಂದು ಪ್ರಯೋಗ ಮಾಡಿ. ಪಕ್ಕದ ನೀಲಗಿರಿಯ ಕೆಲವು ತೋಟಗಳಲ್ಲಿ ಊಲಾಂಗ್ ತಯಾರಾಗುತ್ತದೆ. ಸಿಕ್ಕಿದರೆ ಸ್ವಲ್ಪವೇ ತನ್ನಿ. ಮಸಾಲೆ ಡಬ್ಬಿಯ ಪಕ್ಕದಲ್ಲಿಡಬೇಡಿ, ಎಲೆ ವಾಸನೆ ಹೀರಿಕೊಳ್ಳುತ್ತದೆ. ಒಂದು ಲೋಟ ನೀರು ಕುದಿಸಿ, ಒಲೆಯಿಂದಿಳಿಸಿ, ಒಂದು ನಿಮಿಷ ಬಿಡಿ. ಬೆಚ್ಚಗೆ ಮಾಡಿಟ್ಟ ಪಾತ್ರೆಯಲ್ಲಿ ಒಂದು ಚಿಕ್ಕ ಚಮಚ ಎಲೆ ಹಾಕಿ ಆ ನೀರು ಹೊಯ್ದು ಮುಚ್ಚಿ. ಎರಡು ಮೂರು ನಿಮಿಷದಲ್ಲಿ ಸೋಸಿ. ಹಾಲು, ಸಕ್ಕರೆ ಬೇಡ. ಎಲೆಯನ್ನು ಎಸೆಯಬೇಡಿ. ಅದಕ್ಕೇ ಮತ್ತೆರಡು ಸಲ ಬಿಸಿನೀರು ಹೊಯ್ಯಬಹುದು, ಪ್ರತಿ ಸಲವೂ ಇನ್ನಷ್ಟು ಹೊತ್ತು ಬಿಡಿ. ಮೊದಲ ಲೋಟದಲ್ಲಿ ಪರಿಮಳ ಹೆಚ್ಚು, ಎರಡನೆಯದರಲ್ಲಿ ಸುರುಳಿ ಬಿಚ್ಚಿಕೊಂಡ ಎಲೆಯ ತುಂಬು ರುಚಿ, ಮೂರನೆಯದರಲ್ಲಿ ತಿಳಿಯಾದ ಸಿಹಿ.

ಮನೆಯವರೆಲ್ಲ ಕೂಡಿ ಕುಡಿಯಿರಿ. ಮೂರು ಲೋಟಗಳ ವ್ಯತ್ಯಾಸವನ್ನು ಮಕ್ಕಳೇ ಹೇಳಲಿ. ಹೀಗೆ ನಿಧಾನವಾಗಿ ರುಚಿ ನೋಡಲು ಕಲಿತ ಮಗು ನಾಳೆ ಯಾರದೇ ಮನೆಯಲ್ಲಿ ಅಪರಿಚಿತ ಬಟ್ಟಲು ಎದುರಾದರೂ ಮುಖ ತಿರುಗಿಸಲಾರದು.