ತಪ್ಪು ಅಣ್ಣನ ಕೈದಾ, ಟಿವಿದಾ?

ಅಣ್ಣ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಆರು ವಾರಕ್ಕೆ ಸಿಮೆಂಟ್ ಪಟ್ಟಿ ಬಿಚ್ಚಿದರು. ಬೆರಳು ಆಡಿಸುತ್ತಿರಬೇಕು, ಮೆತ್ತನೆ ಚೆಂಡು ಹಿಚುಕುತ್ತಿರು ಅಂದರು. ಎರಡು ದಿನ ಹಿಚುಕಿ ಬೇಸರಾಗಿ, ಅಟ್ಟದ ಮೇಲಿದ್ದ ಹಳೇ ಟಿವಿ ಗೇಮ್ ಇಳಿಸಿದ.

ನಾವು ಸಣ್ಣವರಿದ್ದಾಗ ಅಪ್ಪ ಹೊಸಪೇಟೆ ಬಜಾರಿನಿಂದ ತಂದಿದ್ದ ಡಬ್ಬಿ ಅದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಅಂತ ತಿಳಿದದ್ದು ಬಹಳ ವರ್ಷಗಳ ಮೇಲೆ. ವಡ್ಡಿನ ನಮ್ಮ ಓಣಿಯಲ್ಲಿ ಮಾರಿಯೋ ಆಟಕ್ಕೆ ಅಣ್ಣನೇ ಹೀರೋ. ನಾನು ಅತ್ತರೆ ಎರಡನೇ ರಿಮೋಟು ಕೈಗೆ ಕೊಡುತ್ತಿದ್ದ. ಅದರ ವೈರು ಡಬ್ಬಿಗೆ ಸಿಕ್ಕಿಸಿರುತ್ತಿರಲಿಲ್ಲ!

ಈಗ ಅದನ್ನು ಹೊಸ ಎಲ್‌ಇಡಿ ಟಿವಿಗೆ ಸಿಕ್ಕಿಸಿದೆವು. ನಾಲ್ಕು ಪೈಪ್ ದಾಟಿದ ಮೇಲೆ ಬರುವ ಮೊದಲ ಗುಂಡಿಯಲ್ಲೇ ಬಿದ್ದ. ಮತ್ತೆ ಬಿದ್ದ. ಹತ್ತು ಸಲ ಬಿದ್ದ ಮೇಲೆ ರಿಮೋಟು ನೆಲಕ್ಕಿಟ್ಟು, "ಕೈ ಹೋತು ಬಿಡವಾ" ಅಂದ. ಅಣ್ಣ ಕ್ರೇನ್ ಆಪರೇಟರ್. ಮುಂದಿನ ತಿಂಗಳು ಡ್ಯೂಟಿಗೆ ಹೋಗಬೇಕಿತ್ತು. ಅವ್ವ ಅಡುಗೆ ಮನೆಯಿಂದ ಇಣುಕಿ ನೋಡಿ ಏನೂ ಅನ್ನದೆ ಒಳಗೆ ಹೋದಳು.

ಅವನು ಎದ್ದು ಹೋದ ಮೇಲೆ ನಾನು ಆಡಿ ನೋಡಿದೆ. ಗುಂಡಿ ಒತ್ತಿದರೆ ಮಾರಿಯೋ ಒಂದು ಗಳಿಗೆ ಯೋಚಿಸಿ ಹಾರಿದಂತೆ ಇತ್ತು. ಮೊಬೈಲಿನ ಸ್ಲೋ ಮೋಷನ್ ಹಾಕಿ, ನನ್ನ ಹೆಬ್ಬೆರಳೂ ಟಿವಿಯೂ ಒಟ್ಟಿಗೆ ಕಾಣುವಂತೆ ಶೂಟ್ ಮಾಡಿದೆ. ಸೆಕೆಂಡಿಗೆ 240 ಚಿತ್ರ. ಬೆರಳು ಒತ್ತಿದ್ದಕ್ಕೂ ಮಾರಿಯೋ ನೆಲ ಬಿಟ್ಟಿದ್ದಕ್ಕೂ ನಡುವೆ 30 ಚಿತ್ರ ಎಣಿಸಿದೆ. ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಕಡಿಮೆ ಅನಿಸಬಹುದು. ಆದರೆ ಜೋರಾಗಿ ಓಡುವ ಮಾರಿಯೋ ಅಷ್ಟರಲ್ಲಿ ಹೆಚ್ಚುಕಡಿಮೆ ಒಂದು ಇಟ್ಟಿಗೆ ಮುಂದೆ ಹೋಗಿರುತ್ತಾನೆ. ಅಣ್ಣ ಯಾವತ್ತೂ ಓಡುತ್ತಲೇ ಬಂದು ಅಂಚಿನಲ್ಲಿ ಹಾರುವವನು.

ಹಳೇ ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೆ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತಿತ್ತು, ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಎಲ್‌ಇಡಿ ಟಿವಿ ಹಾಗಲ್ಲ. ಗೇಮ್ ಕಳಿಸುವುದು 256 ಅಡ್ಡ, 240 ಉದ್ದದ ಚುಕ್ಕಿ ಚಿತ್ರ. ಟಿವಿಯೊಳಗಿನ ಚಿಪ್ಪು ಅದನ್ನು ಹಿಡಿದು, ಹಿಗ್ಗಿಸಿ, ಕಲೆ ಒರೆಸಿ, ಬಣ್ಣ ಏರಿಸಿ ಆಮೇಲೆ ತೋರಿಸುತ್ತದೆ. ಸಿನಿಮಾಗೆ ಇದರಿಂದ ತೊಂದರೆ ಇಲ್ಲ, ಮಾತೂ ಅದರ ಜೊತೆಗೇ ತಡವಾಗಿ ಬರುತ್ತದೆ. ಆಟದಲ್ಲಿ ಬೆರಳು ಕಾಯುವುದಿಲ್ಲ. ಇನ್ನೊಂದು, ಟಿವಿ ಈ ಹಳೇ ಸಿಗ್ನಲನ್ನು ಅರ್ಧರ್ಧ ಗೆರೆಯ ಚಿತ್ರ ಅಂತ ತಪ್ಪು ತಿಳಿದು ಎರಡೆರಡು ಚಿತ್ರ ಬೆರೆಸುತ್ತದೆ. ಏಟು ತಿಂದ ಮಾರಿಯೋ ಮಿಣಮಿಣ ಅನ್ನಬೇಕು, ನಮ್ಮಲ್ಲಿ ಬಾಚಣಿಗೆ ಹಲ್ಲಿನಂತೆ ಸೀಳಿಕೊಂಡು ಕಂಡ.

ಸೆಟ್ಟಿಂಗಿನಲ್ಲಿ ಪಿಕ್ಚರ್ ಮೋಡ್ 'ವಿವಿಡ್' ಇತ್ತು. ಅಂಗಡಿಯಲ್ಲಿ ಕಣ್ಣು ಕುಕ್ಕಲಿ ಅಂತ ಇಟ್ಟಿದ್ದು, ಮನೆಗೆ ಬಂದ ಮೇಲೂ ಯಾರೂ ಮುಟ್ಟಿರಲಿಲ್ಲ. 'ಗೇಮ್' ಮಾಡಿದೆ. ನಾಯ್ಸ್ ರಿಡಕ್ಷನ್ ಆಫ್, ಮೋಷನ್ ಅಂತ ಇರುವುದೂ ಆಫ್. ಶಾರ್ಪ್‌ನೆಸ್ ಸೊನ್ನೆ, ಅಕ್ಷರದ ಸುತ್ತಲಿನ ಬಿಳಿ ನೆರಳು ಹೋಯಿತು. ಅಳತೆ 16:9 ಇದ್ದದ್ದನ್ನು 4:3 ಮಾಡಿದಾಗ ಎರಡೂ ಬದಿ ಕಪ್ಪು ಪಟ್ಟಿ ಬಂತು, ಡೊಳ್ಳು ಹೊಟ್ಟೆಯ ಮಾರಿಯೋ ಮತ್ತೆ ಸಣ್ಣಗಾದ. ನಿಮ್ಮ ಟಿವಿಯಲ್ಲಿ ಗೇಮ್ ಮೋಡ್ ಇಲ್ಲದಿದ್ದರೆ ಉಳಿದವನ್ನು ಒಂದೊಂದಾಗಿ ಆಫ್ ಮಾಡಿ ನೋಡಿ, ಸ್ವಲ್ಪವಾದರೂ ವ್ಯತ್ಯಾಸ ಕಾಣಬಹುದು. ಬಾತುಕೋಳಿ ಹೊಡೆಯುವ ಬಂದೂಕಿಗೆ ಮಾತ್ರ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರುವುದಿಲ್ಲ. ಅದು ಡಬ್ಬಾ ಟಿವಿಯ ಬೆಳಕಿನ ಹೊತ್ತಿಗೇ ಮಾಡಿದ್ದು.

ಮತ್ತೆ ಶೂಟ್ ಮಾಡಿ ಎಣಿಸಿದೆ. 14 ಚಿತ್ರ.

ಇದಕ್ಕೂ ಮೊದಲು ಎವಿಯಿಂದ ಎಚ್‌ಡಿಎಂಐ ಮಾಡುವ ಸಣ್ಣ ಡಬ್ಬಿ ತಂದು ದುಡ್ಡು ಹಾಳು ಮಾಡಿದ್ದೆ. ತಡ ಇನ್ನೂ ಹೆಚ್ಚಾಯಿತು. ರೆಟ್ರೋಟಿಂಕ್ ಅಂತ ಇದೇ ಕೆಲಸಕ್ಕೆ ಮಾಡಿದ ಯಂತ್ರಗಳಿವೆ, ಹಳೇ ಗೇಮ್ ಸಿಗ್ನಲನ್ನು ಸರಿಯಾಗಿ ಗುರುತಿಸಿ ತಡವಿಲ್ಲದೆ ದಾಟಿಸುತ್ತವೆ. ಸಾವಿರಾರು ರೂಪಾಯಿ. ಅಣ್ಣನ ಅರ್ಧ ಸಂಬಳದ ಮೇಲೆ ಮನೆ ನಡೆಯುವಾಗ ಆ ಮಾತೇ ಬೇಡ.

ಸಂಜೆ ಅಣ್ಣನಿಗೆ ಏನೂ ಹೇಳದೆ ರಿಮೋಟು ಕೊಟ್ಟೆ. ಮೊದಲ ಗುಂಡಿ ದಾಟಿದ! ನನ್ನ ಮುಖ ನೋಡಿದ, "ಏನು ಮಾಡಿದಿ?" ಅಂದ. ಮೊಬೈಲಿನ ಎರಡೂ ವಿಡಿಯೋ ತೋರಿಸಿದೆ. ತಾನೇ ಕೂತು ಮೂವತ್ತೂ ಚಿತ್ರ ಎಣಿಸಿದ, ನನ್ನ ಮೇಲೆ ನಂಬಿಕೆ ಅಷ್ಟು. ಆಮೇಲೆ ಆಡಿದ. ಮುಂದಿನ ಗುಂಡಿ ಇನ್ನೂ ಅಗಲ, ಅದರಲ್ಲಿ ಬಿದ್ದ. ಇದಕ್ಕೂ ಯಾವುದಾದರೂ ಸೆಟ್ಟಿಂಗ್ ಇರಬಹುದಾ ಅಂತ ಟಿವಿ ರಿಮೋಟಿಗೆ ಕೈ ಹಾಕಿದೆ.

"ಬ್ಯಾಡ, ಹಂಗೇ ಇರಲಿ. ಇದು ಟಿವಿದಲ್ಲ, ಹೆಬ್ಬೆರಳು ಇನ್ನಾ ಪೂರಾ ಬಗ್ಗವಲ್ದು" ಅಂದ. ಚೆಂಡು ಎಲ್ಲಿಟ್ಟಿದ್ದೀರಿ ಅಂತ ಅವ್ವನನ್ನು ಕೇಳಿದ.

ಅವ್ವನಿಗೆ ಆಗಲೇ ಧಾರಾವಾಹಿ ಹೊತ್ತಾಗಿತ್ತು. ಹಾಕಿದರೆ ಎಲ್ಲರ ಮುಖವೂ ಜ್ವರ ಬಂದವರ ಹಾಗೆ ಬಿಳಿಚಿಕೊಂಡಿತ್ತು. ಬದಲಿಸಿಕೊಡಲು ಹೋದೆ. ದಿನಾ ರಾತ್ರಿ ಒಂಬತ್ತರ ತನಕ ಹೀಗೇ ಇರಲಿ, ಕೈ ನೆಟ್ಟಗಾಗುವವರೆಗೆ ನಾ ಹಿಂಗೇ ನೋಡ್ತೀನಿ ಅಂದಳು.