ಹುಣಸೆ ಹೆಣ್ಣು, ಸೌತೆ ಗಂಡು

ಅಕ್ಕಿ, ಸೌತೆಕಾಯಿ, ಬೆಳ್ಳುಳ್ಳಿ ಮೂರೂ ಒಂದೇ ಅಡುಗೆಮನೆಯವು. ಸಸ್ಯಶಾಸ್ತ್ರದ ದಫ್ತರದಲ್ಲಿ ಮಾತ್ರ ಅಕ್ಕಿ ಹೆಣ್ಣು, ಸೌತೆ ಗಂಡು, ಬೆಳ್ಳುಳ್ಳಿ ಎರಡೂ ಅಲ್ಲ. ಒರೈಜಾ ಸಟೈವಾ, ಕ್ಯುಕುಮಿಸ್ ಸಟೈವಸ್, ಅಲಿಯಮ್ ಸಟೈವಮ್. ಮೂರಕ್ಕೂ ಅಂಟಿರುವುದು 'ಬಿತ್ತಿ ಬೆಳೆದದ್ದು' ಎಂಬ ಒಂದೇ ಲ್ಯಾಟಿನ್ ಗುಣವಾಚಕ. ಅದರ ಬಾಲ ಮಾತ್ರ ಮೊದಲ ಪದದ ಲಿಂಗ ನೋಡಿಕೊಂಡು ಬದಲಾಗುತ್ತದೆ. ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಎಮ್ಮೆ ಎಂದು ಒಂದೇ 'ಒಳ್ಳೆ'ಯಲ್ಲಿ ಸಂಸಾರ ತೂಗಿಸುವ ನಮಗೆ ಇದು ದುಂದುವೆಚ್ಚ ಅನ್ನಿಸಬೇಕು.

ಕುಲಕ್ಕೊಂದು, ಪ್ರಭೇದಕ್ಕೊಂದು ಎಂಬ ಈ ಜೋಡಿಪದದ ಕ್ರಮವನ್ನು ಸಸ್ಯಗಳಿಗೆಲ್ಲ ಒಂದೇ ಸಮನೆ ಹಚ್ಚಿದವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಹುಣಸೆಗೆ ಅವನು ಟ್ಯಾಮರಿಂಡಸ್ ಇಂಡಿಕಾ ಎಂದ. 'ಅಸ್' ಎಂಬ ಬಾಲ ಕಂಡು ಗಂಡೆಂದುಕೊಂಡರೆ ಕೆಟ್ಟಿರಿ. ಲ್ಯಾಟಿನ್ನಿನಲ್ಲಿ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗ, ಹಾಗಾಗಿ ಇಂಡಿಕಸ್ ಅಲ್ಲ, ಇಂಡಿಕಾ. ಊರ ಕಟ್ಟೆಯ ಮೇಲೆ ಬೇವಿನ ಜೊತೆ ಮದುವೆ ಮಾಡಿಸುವಾಗ ವರನಾಗಿ ನಿಲ್ಲುವ ಅಶ್ವತ್ಥವೂ ಅಲ್ಲಿ ಫೈಕಸ್ ರಿಲಿಜಿಯೋಸಾ, ಹೆಣ್ಣೇ. ಇನ್ನು ಟ್ಯಾಮರಿಂಡಸ್ ಬಂದದ್ದು ಅರಬ್ಬರ 'ತಮರ್ ಹಿಂದಿ'ಯಿಂದ, ಅಂದರೆ ಭಾರತದ ಖರ್ಜೂರ. ಅಲ್ಲಿಗೆ ಒಂದೇ ಹೆಸರಿನಲ್ಲಿ ಭಾರತ ಎರಡು ಸಲ ಬಂತು. ಮರದ ತವರು ಆಫ್ರಿಕ!

ಇದನ್ನು ತಿದ್ದುವುದಿಲ್ಲವೇ? ಇಲ್ಲ. ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಹೆಸರನ್ನು ಕಿತ್ತುಹಾಕುವಂತಿಲ್ಲ. ಲಿಂಗ ಹೊಂದದಿದ್ದರೆ ಮಾತ್ರ ತಿದ್ದಲೇಬೇಕು. ನಿಯಮವೇ ಹಾಗಿದೆ, ಹಕ್ಕಿಗಳ ಹೆಸರಿಗೂ. ನ್ಯೂಗಿನಿ ಕಡೆಯ ಸ್ವರ್ಗಪಕ್ಷಿಗಳ ಚರ್ಮ ಕಾಲು ತೆಗೆದ ಸ್ಥಿತಿಯಲ್ಲೇ ಯುರೋಪಿಗೆ ಹೋಗುತ್ತಿತ್ತು. ಇವು ನೆಲಕ್ಕಿಳಿಯದೆ ಗಾಳಿಯಲ್ಲೇ ಬದುಕುತ್ತವೆ ಎಂದು ಅಲ್ಲಿನವರು ಕಥೆ ಕಟ್ಟಿದರು. 1758ರಲ್ಲಿ ಲಿನೇಯಸ್ ಅಂಥದೊಂದಕ್ಕೆ 'ಅಪೋಡ', ಕಾಲಿಲ್ಲದ್ದು, ಎಂದು ಬರೆದ. ಗಟ್ಟಿಮುಟ್ಟಾದ ಎರಡು ಕಾಲಿನ ಮೇಲೆ ಕುಣಿಯುವ ಆ ಹಕ್ಕಿ ಇವತ್ತಿಗೂ ಪ್ಯಾರಡೀಸಿಯಾ ಅಪೋಡ. ನನಗೇನೂ ತಕರಾರಿಲ್ಲ. ಜಗಳಗಂಟಿ ಶಾಂತಮ್ಮನಿಗೆ ಯಾರೂ ಮರುನಾಮಕರಣ ಮಾಡಿಸುವುದಿಲ್ಲವಲ್ಲ.

ಆದರೆ ಕುಲವೇ ಬದಲಾದಾಗ ಮಜಾ ನೋಡಬೇಕು. ನಿತ್ಯಪುಷ್ಪ ಮೊದಲು ವಿಂಕಾ ರೋಸಿಯಾ ಆಗಿತ್ತು. 1837ರಲ್ಲಿ ಸಸ್ಯಶಾಸ್ತ್ರಜ್ಞ ಜಾರ್ಜ್ ಡಾನ್ ಅದನ್ನು ಬೇರೆ ಕುಲಕ್ಕೆ ಸೇರಿಸಿದ. ಕ್ಯಾಥರಾಂಥಸ್ ರೋಸಿಯಸ್ ಆಯಿತು. ಹೂವಿನ ಒಂದು ಎಸಳೂ ಅಲುಗದೆ ಗುಲಾಬಿ ಬಣ್ಣದವಳು ಗುಲಾಬಿ ಬಣ್ಣದವನಾದಳು. ಅದರಿಂದ ತೆಗೆದ ಕ್ಯಾನ್ಸರ್ ಔಷಧಗಳು, ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್, ಇನ್ನೂ ಹಳೆಯ ಕುಲದ ಹೆಸರನ್ನೇ ಹೊತ್ತಿವೆ. ನಾವೇನು ಕಡಿಮೆ? ಮಡಗಾಸ್ಕರಿನಿಂದ ಬಂದ ಈ ಗಿಡಕ್ಕೆ ಕಾಶಿ ಕಣಗಿಲೆ ಅಂತಲೂ ಅನ್ನುತ್ತೇವೆ. ಅದು ಕಾಶಿಯದೂ ಅಲ್ಲ, ಕಣಗಿಲೆಯೂ ಅಲ್ಲ.